ಉಂಟು ಎಂಬ ಕಾಲಂ

ಕ್ರೇನ್ ಪರೀಕ್ಷೆಗೆ ನನ್ನದು ಮೂರು ಹಂತದ ಕ್ರಮ: ನೋಡು, ಮುಟ್ಟು, ಓಡಿಸು. ಹಡಗು ಕಟ್ಟೆಯಲ್ಲಿ ನನಗೆ ಕೆಲಸ ಕಲಿಸಿದ ಮೇಲಧಿಕಾರಿ ಇದನ್ನು ಬೈದು ಬೈದು ತಲೆಗೆ ತುಂಬಿದ್ದರು. ಮೊದಲು ಕಣ್ಣಿನಿಂದ ನೋಡಬೇಕು, ಆಮೇಲೆ ಕೈಯಿಂದ ಮುಟ್ಟಬೇಕು, ಕೊನೆಗೆ ಓಡಿಸಿ ನೋಡಬೇಕು. ಮೂರನೆಯದನ್ನು ಬಿಟ್ಟರೆ ಮೊದಲಿನ ಎರಡೂ ಮಾಡಿದ ಹಾಗಲ್ಲ ಎನ್ನುತ್ತಿದ್ದರು.

ನಿವೃತ್ತನಾಗಿ ಬಂಟ್ವಾಳಕ್ಕೆ ಬಂದ ಮೇಲೆ ಕಾರ್ಖಾನೆ ಇಲಾಖೆಯ ಮಾನ್ಯತೆ ಪಡೆದು, ಸುತ್ತಲಿನ ಮೂರು ತಾಲೂಕುಗಳ ಕ್ರೇನುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಿದ್ದೆ. ಬೆಳಿಗ್ಗೆ ಎಂಟೂವರೆಗೆ ಬರುತ್ತೇನೆಂದರೆ ಎಂಟೂವರೆಗೆ ಗೇಟಿನಲ್ಲಿ ಇರುತ್ತಿದ್ದೆ. ಇಲಾಖೆಯ ನಮೂನೆ ಇಂಗ್ಲಿಷಿನಲ್ಲಿತ್ತು. ಆಪರೇಟರುಗಳಿಗೆ ಅರ್ಥವಾಗಲೆಂದು ನಾನೇ ಒಂದು ಕನ್ನಡದ ಪಟ್ಟಿ ಮಾಡಿಸಿದ್ದೆ. ಎಡಗಡೆ ಭಾಗಗಳ ಹೆಸರು, ಬಲಗಡೆ ಎರಡು ಕಾಲಂ. ಮೊದಲು ‘ಇದೆ’, ‘ಇಲ್ಲ’ ಎಂದು ಬರೆದಿದ್ದೆ. ನಮ್ಮ ಕಡೆ ಯಾರೂ ಇದೆ ಎನ್ನುವುದಿಲ್ಲವಾದ್ದರಿಂದ ಎರಡನೆಯ ಮುದ್ರಣದಲ್ಲಿ ಅದನ್ನು ‘ಉಂಟು’ ಮಾಡಿದೆ. ಆ ತಿದ್ದುಪಡಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇನ್ನೊಂದು ಅಭ್ಯಾಸವಿತ್ತು. ಪರೀಕ್ಷೆ ಮುಗಿದ ಪ್ರತಿಯೊಂದು ಸ್ವಿಚ್ಚಿನ ಪೆಟ್ಟಿಗೆಯ ಮುಚ್ಚಳದ ತಿರುಪಿನ ಮೇಲೆ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತಿದ್ದೆ. ಗೆರೆ ತಿರುಪಿನ ತಲೆಯಿಂದ ಪೆಟ್ಟಿಗೆಯ ಮೈಗೆ ದಾಟಬೇಕು. ಯಾರಾದರೂ ಆಮೇಲೆ ತಿರುಪು ಬಿಚ್ಚಿದರೆ ಗೆರೆ ಒಡೆಯುತ್ತದೆ. ನಾನು ಹೋದ ಮೇಲೆ ಕೈಯಾಡಿಸಿದ್ದಾರೆಯೇ ಎಂದು ಮುಂದಿನ ವರ್ಷ ತಿಳಿಯಲು ಅದೊಂದು ಉಪಾಯ.

ಪುಂಜಾಲಕಟ್ಟೆಯಿಂದ ಒಳಗೆ ಒಂದು ಸಿಮೆಂಟ್ ಪೈಪಿನ ಯಾರ್ಡ್ ಇತ್ತು. ರಸ್ತೆ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಮೋರಿಗೆ ಹಾಕುವ ದೊಡ್ಡ ಪೈಪುಗಳಿಗೆ ಬೇಡಿಕೆ ಬಂದು, ಅಲ್ಲಿಯ, ಕಂಬಗಳ ಮೇಲೆ ಅಡ್ಡ ತೊಲೆಯಿರುವ ಗ್ಯಾಂಟ್ರಿ ಕ್ರೇನಿಗೆ ಬಿಡುವಿರಲಿಲ್ಲ. ಧಣಿಗಳು ಗಲ್ಫಿನಲ್ಲಿ ಹಲವು ವರ್ಷ ಇದ್ದು ಬಂದವರು, ಮರ್ಯಾದೆಯ ಮನುಷ್ಯ. ಹೋದ ಕೂಡಲೇ ಎಳನೀರಿನ ಬೊಂಡ ಕೊಚ್ಚಿಸಿ ಕೊಡುತ್ತಿದ್ದರು. ಆಪರೇಟರ್ ಲಾಯಿಲದವನು, ನಲವತ್ತು ದಾಟಿದವನು, ಮಾತು ಕಡಿಮೆ. ಪೈಪನ್ನು ಕೊಕ್ಕೆಗೆ ತೂಗುಹಾಕಲು ಸ್ಲಿಂಗ್ ಕಟ್ಟುವವನು ವಿಟ್ಲದ ಕಡೆಯವನು, ಬಾಯಿ ನಿಲ್ಲದವನು. ನನಗೆ ಗಡಿಯಾರ ಸಾರ್ ಎಂದು ಹೆಸರಿಟ್ಟವನು ಅವನೇ. ನಾನು ಗೇಟು ದಾಟುವಾಗ, “ಎಂಟೂವರೆ ಆಯ್ತು, ಎಲ್ಲರೂ ವಾಚು ಸರಿ ಮಾಡ್ಕೊಳ್ಳಿ ಮಾರಾಯ್ರೆ” ಎಂದು ಕೂಗುತ್ತಿದ್ದ. ನನ್ನೆದುರೇ ಕೂಗುತ್ತಿದ್ದುದರಿಂದ ಸಿಟ್ಟು ಬರುತ್ತಿರಲಿಲ್ಲ.

ಮಳೆಗಾಲದ ಮುಂಚಿನ ಪರೀಕ್ಷೆಯ ದಿನ ನಾನು ಏಣಿ ಹತ್ತಿ ತೊಲೆಯ ಮೇಲೆ ಹೋದೆ. ಹಗ್ಗ, ಬ್ರೇಕು, ಚಕ್ರ ಎಲ್ಲ ನೋಡಿದೆ, ಮುಟ್ಟಿದೆ. ಲಿಮಿಟ್ ಸ್ವಿಚ್ಚಿನ ಬಳಿ ಬಂದಾಗ ಕರೆಂಟು ಹೋಯಿತು. ಕೊಕ್ಕೆ ಹೆಚ್ಚು ಮೇಲೆ ಬಂದು ಹಗ್ಗ ಸುತ್ತುವ ಡ್ರಮ್ಮಿಗೆ ಬಡಿಯದಂತೆ ಮೋಟಾರನ್ನು ನಿಲ್ಲಿಸುವ ಸ್ವಿಚ್ ಅದು. ಅದಿಲ್ಲದೆ ಕೊಕ್ಕೆ ಬಡಿದರೆ ಹಗ್ಗ ತುಂಡಾಗಿ, ನೇತಾಡುತ್ತಿರುವ ಭಾರ ಕೆಳಗೆ ಬೀಳುತ್ತದೆ. ಅದನ್ನು ಓಡಿಸಿಯೇ ನೋಡಬೇಕು. ಬೇರೆ ದಾರಿಯಿಲ್ಲ.

ಅರ್ಧ ಗಂಟೆ ಬಿಸಿಲಿನಲ್ಲಿ ಕಾದೆ. ಹನ್ನೊಂದೂವರೆಗೆ ಬೆಳ್ತಂಗಡಿಯಲ್ಲಿ ಇನ್ನೊಂದು ಕಡೆ ಬರುತ್ತೇನೆಂದು ಹೇಳಿದ್ದೆ. ಕರೆಂಟು ಬರಲಿಲ್ಲ. ಮೇಲಿನಿಂದಲೇ ಆಪರೇಟರನ್ನು ಕೇಳಿದೆ, ಲಿಮಿಟ್ ಉಂಟಲ್ಲ ಎಂದು. ಧಣಿಗಳು ಅವನ ಪಕ್ಕದಲ್ಲಿ ಬೊಂಡ ಹಿಡಿದು ನಿಂತಿದ್ದರು.

“ಉಂಟು ಸಾರ್,” ಎಂದ.

ಪೆಟ್ಟಿಗೆ ಕಣ್ಣೆದುರು ಇತ್ತು. ಹೋದ ವರ್ಷದ ಗೆರೆ ಒಡೆದಿದೆಯೇ ಎಂದು ಧೂಳು ಒರೆಸಿ ನೋಡದೆ, ತಿರುಪಿನ ಮೇಲೆ ಹೊಸ ಹಳದಿ ಗೆರೆ ಎಳೆದು, ಉಂಟು ಎಂಬ ಕಾಲಂನಲ್ಲಿ ಟಿಕ್ಕು ಹಾಕಿ ಇಳಿದೆ. ಬೆಳ್ತಂಗಡಿಗೆ ಹೊತ್ತಿಗೆ ಸರಿಯಾಗಿ ತಲುಪಿದೆ.

ಐದು ತಿಂಗಳ ನಂತರ ಒಂದು ಬೆಳಿಗ್ಗೆ ಆ ಕ್ರೇನಿನ ಕೊಕ್ಕೆ ಡ್ರಮ್ಮಿಗೆ ಬಡಿದು ಹಗ್ಗ ತುಂಡಾಯಿತು. ಲಾರಿಗೆ ತುಂಬುತ್ತಿದ್ದ ಪೈಪು ಬಿದ್ದದ್ದು ಸ್ಲಿಂಗ್ ಕಟ್ಟುವವನ ಮೇಲೆ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವನು ತೀರಿಕೊಂಡ.

ಇಲಾಖೆಯ ಅಧಿಕಾರಿ ತನಿಖೆಗೆ ಬಂದಾಗ ನನ್ನನ್ನೂ ಕರೆಸಿದರು. ಪೈಪು ಬಿದ್ದ ಜಾಗಕ್ಕೆ ಜಲ್ಲಿಪುಡಿ ಹಾಕಿದ್ದರು. ಅವನ ಚಪ್ಪಲಿ ಒಂದು ಇನ್ನೂ ಪೈಪುಗಳ ಸಂದಿಯಲ್ಲಿತ್ತು, ಯಾರೂ ತೆಗೆದಿರಲಿಲ್ಲ. ಅಧಿಕಾರಿಯೂ ಅವರ ಸಹಾಯಕರೂ ನನ್ನ ಜೊತೆ ಮೇಲೆ ಹತ್ತಿದರು. ಲಿಮಿಟ್ ಸ್ವಿಚ್ಚಿನ ಪೆಟ್ಟಿಗೆ ನೋಡಿದೆ. ನನ್ನ ಹಳದಿ ಗೆರೆ ಧೂಳಿನ ಕೆಳಗೆ, ತಿರುಪಿನಿಂದ ಪೆಟ್ಟಿಗೆಗೆ, ಕೂದಲೆಳೆಯಷ್ಟೂ ಬಿರುಕಿಲ್ಲದೆ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಸಹಾಯಕರು ಸ್ಕ್ರೂಡ್ರೈವರ್ ತಿರುಗಿಸಿದರು. ಗೆರೆ ಒಡೆಯಿತು. ಮುಚ್ಚಳ ತೆಗೆದಾಗ ಒಳಗೆ ಸ್ವಿಚ್ಚಿನ ಎರಡು ತುದಿಗಳನ್ನು ಒಂದು ಕೆಂಪು ವಯರಿನಿಂದ ಸೇರಿಸಿದ್ದು ಕಂಡಿತು. ಸ್ವಿಚ್ ಇತ್ತು, ಆದರೆ ಅದು ಏನನ್ನೂ ನಿಲ್ಲಿಸುತ್ತಿರಲಿಲ್ಲ.

ಧಣಿಗಳು ಕೆಳಗೆ ನನ್ನ ಪ್ರಮಾಣಪತ್ರ ಹಿಡಿದು ನಿಂತಿದ್ದರು. ಪರೀಕ್ಷೆಯ ದಿನ ಎಲ್ಲ ಸರಿಯಿತ್ತು, ಆಮೇಲೆ ಆಪರೇಟರ್ ತನ್ನ ಅನುಕೂಲಕ್ಕೆ ವಯರ್ ಹಾಕಿಕೊಂಡಿದ್ದಾನೆ ಎಂದರು. ಕಾಗದ ಅವರ ಪರವಾಗಿತ್ತು. ಅಧಿಕಾರಿ ನನ್ನ ಮಾತು ಕೇಳಿದಾಗ, ದಾಖಲೆ ನೋಡಿ ಹೇಳುತ್ತೇನೆ ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅದೇ ವಾರ ಆಪರೇಟರನ ಮೇಲೆ ಕೇಸು ಬಿತ್ತು.

ಜಾಮೀನಿನ ಮೇಲೆ ಬಿಡುಗಡೆ ಸಿಕ್ಕಿದ ಮರುದಿನ ಅವನು ಬಂಟ್ವಾಳದ ನನ್ನ ಮನೆಗೆ ಬಂದ. ಕುಳಿತುಕೊಳ್ಳಲು ಹೇಳಿದೆ, ಕುಳಿತುಕೊಳ್ಳಲಿಲ್ಲ. ದೊಡ್ಡ ಪೈಪುಗಳನ್ನು ಲಾರಿಯ ಮೂರನೆಯ ಸಾಲಿಗೆ ಏರಿಸುವಾಗ ಸ್ವಿಚ್ ಒಂದು ಅಡಿ ಮೊದಲೇ ಕ್ರೇನನ್ನು ನಿಲ್ಲಿಸುತ್ತಿತ್ತಂತೆ. ಧಣಿಗಳು ಎಲೆಕ್ಟ್ರಿಶಿಯನ್ನನ್ನು ಕರೆಸಿ ವಯರ್ ಹಾಕಿಸಿದ್ದು ನನ್ನ ಪರೀಕ್ಷೆಗೆ ಎರಡು ತಿಂಗಳು ಮೊದಲು. ಅಲ್ಲಿಂದ ಮುಂದೆ ಅವನು ಕಣ್ಣಳತೆಯಲ್ಲೇ ನಿಲ್ಲಿಸುತ್ತಿದ್ದ. ಪೈಪು ಬಿದ್ದ ದಿನ ಬಿಸಿಲು ಕಣ್ಣಿಗೆ ಹೊಡೆದು ಅರೆಕ್ಷಣ ತಪ್ಪಿತು.

ಹಾಗಾದರೆ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ಉಂಟಾ ಅಂತ ಕೇಳಿದ್ರಿ. ಉಂಟು ಅಂದೆ. ಸ್ವಿಚ್ ಇತ್ತಲ್ಲ ಸಾರ್. ಕೆಲಸ ಮಾಡ್ತದಾ ಅಂತ ಕೇಳಿದ್ರೆ ಎಂತ ಹೇಳ್ತಿದ್ದೆನೋ ನನಗೂ ಗೊತ್ತಿಲ್ಲ. ಧಣಿಗಳು ಪಕ್ಕದಲ್ಲೇ ಇದ್ರು. ಆದ್ರೆ ನೀವು ಅದನ್ನು ಕೇಳ್ಲಿಲ್ಲ.”

ಅವನು ಬಾಗಿಲಿನ ಕಡೆ ತಿರುಗಿ, ಮತ್ತೆ ನಿಂತ.

“ನಿಮ್ಮ ಹಳದಿ ಗೆರೆ ನಾನು ಗ್ರೀಸ್ ಹಾಕ್ಲಿಕ್ಕೆ ಹತ್ತಿದಾಗೆಲ್ಲ ನೋಡ್ತಿದ್ದೆ. ಒಡೀಲಿಲ್ಲ. ಅವತ್ತು ತನಿಖೆಗೆ ಹತ್ತಿದಾಗ ನೀವೂ ನೋಡಿದ್ದೀರಿ. ವಯರ್ ಮೊದಲೇ ಇತ್ತು ಅಂತ ಹೇಳ್ಲಿಕ್ಕೆ ನಿಮ್ಮನ್ನು ಬಿಟ್ರೆ ಯಾರುಂಟು ಸಾರ್?”

ಅಷ್ಟು ಹೇಳಿ ಅವನು ಹೊರಟುಹೋದ. ಬೇಡಲಿಲ್ಲ, ಅಳಲಿಲ್ಲ. ಅಂಗಳದಲ್ಲಿ ಅವನ ಬೈಕು ನಾಲ್ಕು ಸಲ ಒದ್ದ ಮೇಲೆ ಚಾಲೂ ಆಯಿತು.

ನಾನು ಹೇಳಬೇಕಾದದ್ದು ಸಣ್ಣ ವಿಷಯವಾಗಿರಲಿಲ್ಲ. ವಯರ್ ಮೊದಲೇ ಇತ್ತು ಎಂದರೆ, ನಾನು ಓಡಿಸಿ ನೋಡದೆ ಸಹಿ ಹಾಕಿದ್ದೇನೆ ಎಂದು ಅರ್ಥ. ಒಡೆದ ಗೆರೆ ಈಗ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ. ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ಕೇಳುವವರಿರಲಿಲ್ಲ. ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನ ಎಂದಿನ ಹೊತ್ತಿಗೆ ಎದ್ದೆ, ಎಂದಿನ ಹೊತ್ತಿಗೆ ಉಂಡೆ. ಅದನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ನಾಲ್ಕನೆಯ ದಿನ ಇಲಾಖೆಗೆ ಹೋಗಿ ಬರೆದುಕೊಟ್ಟೆ: ಗೆರೆ ಒಡೆದಿರಲಿಲ್ಲ, ಸ್ವಿಚ್ಚನ್ನು ಓಡಿಸಿ ನೋಡಿರಲಿಲ್ಲ, ಉಂಟೇ ಎಂದು ಕೇಳಿ ಟಿಕ್ಕು ಹಾಕಿದೆ. ಅಧಿಕಾರಿ ಎರಡು ಸಲ ಓದಿದರು. ಇದರ ಪರಿಣಾಮ ನಿಮಗೆ ಗೊತ್ತಲ್ಲ ಎಂದರು. ಗೊತ್ತುಂಟು ಎಂದೆ. ಆಪರೇಟರನ ಕೇಸು ಹಗುರವಾಯಿತು, ಪೂರ್ತಿ ಹೋಗಲಿಲ್ಲ. ಕಣ್ಣಳತೆಯಲ್ಲಿ ಓಡಿಸಲು ಒಪ್ಪಿಕೊಂಡದ್ದು ಅವನೇ ಎಂಬ ಮಾತು ಉಳಿಯಿತು. ಧಣಿಗಳ ಹೆಸರು ಕೇಸಿಗೆ ಸೇರಿತು. ನನ್ನ ಮಾನ್ಯತೆ ರದ್ದಾಯಿತು. ವಿಟ್ಲದ ಕಡೆ ತೀರಿಕೊಂಡವನ ಮನೆಗೆ ಹೋಗಬೇಕೆಂದು ಎರಡು ಸಲ ಬಸ್ ಹತ್ತಿದೆ. ಎರಡು ಸಲವೂ ಪೇಟೆಯಲ್ಲಿ ಇಳಿದು ವಾಪಸಾದೆ.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಹಳೆಯ ಪಟ್ಟಿಗಳನ್ನೆಲ್ಲ ಹೊರಗೆ ತೆಗೆದು ಮೇಜಿನ ಮೇಲೆ ಹರಡಿದೆ. ಲಿಮಿಟ್ ಸ್ವಿಚ್, ಉಂಟು. ಲಿಮಿಟ್ ಸ್ವಿಚ್, ಉಂಟು. ಎಲ್ಲಿ ಓಡಿಸಿ ನೋಡಿದ್ದೆ, ಎಲ್ಲಿ ಬರೀ ಕೇಳಿದ್ದೆ? ಕಾಗದದಲ್ಲಿ ಎರಡಕ್ಕೂ ಒಂದೇ ಟಿಕ್ಕು. ತಪ್ಪಿದ್ದು ಆ ಒಂದು ದಿನ ಮಾತ್ರ ಎಂದು ನಾನು ನಂಬಿದ್ದೆ. ನೆನಪು ಅದನ್ನು ಒಪ್ಪಲಿಲ್ಲ.

ಮಾನ್ಯತೆ ಇಲ್ಲದಿದ್ದರೂ ಆ ಕ್ರೇನುಗಳನ್ನು ನೋಡಲು ಒಂದೊಂದು ಕಡೆಯಾಗಿ ಹೋಗತೊಡಗಿದೆ. ಕೆಲವರು ಗೇಟಿನಲ್ಲೇ ನಿಲ್ಲಿಸಿದರು. ಕೆಲವರು ಹಳೆಯ ಪರಿಚಯಕ್ಕೆ ಒಳಗೆ ಬಿಟ್ಟರು. ಬಂಟ್ವಾಳದ ಎರಡು ಕಡೆ ಸರಿಯಿತ್ತು. ಮೂಡಬಿದಿರೆಯ ಹತ್ತಿರದ ಕಲ್ಲು ಕೊಯ್ಯುವ ಕಾರ್ಖಾನೆಗೆ ಎಂಟೂವರೆಗೆ ತಲುಪಿದೆ. ವಾಚು ಸರಿ ಮಾಡಿಕೊಳ್ಳಲು ಹೇಳುವವರು ಯಾರೂ ಇರಲಿಲ್ಲ.

“ಲಿಮಿಟ್ ಉಂಟು ಸಾರ್,” ಎಂದ ಅಲ್ಲಿಯ ಆಪರೇಟರ್, ನಾನು ಕೇಳುವ ಮೊದಲೇ.

ಕೊಕ್ಕೆಗೆ ಭಾರ ಹಾಕದೆ, ಕೆಳಗೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು, ನಿಧಾನವಾಗಿ ಮೇಲೆ ಎತ್ತಲು ಹೇಳಿದೆ. ನಾನು ಕೈ ತೋರಿಸುವವರೆಗೆ ನಿಲ್ಲಿಸಬಾರದು ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಗುಂಡಿ ಒತ್ತಿದ. ಕೊಕ್ಕೆ ಏರಿತು. ಸ್ವಿಚ್ ನಿಲ್ಲಿಸಬೇಕಾದ ಜಾಗ ಬಂತು, ದಾಟಿತು. ಡ್ರಮ್ಮಿಗೆ ಒಂದು ಗೇಣು ಉಳಿದಾಗ ನಾನು ಕೈ ಎತ್ತಿದೆ.

ಏಣಿ ಹತ್ತಿ ನೋಡಿದೆ. ಪೆಟ್ಟಿಗೆಯ ತಿರುಪಿನ ಮೇಲೆ ನನ್ನ ಹಳದಿ ಗೆರೆ ಒಡೆಯದೆ ಇತ್ತು.