ಮಾಸ್ತಮ್ಮನ ಚಹಾ

ಹೊನ್ನಾವರದ ಅಳಿವೆಯ ದಂಡೆಗಿರುವ ತಗಡಿನ ಮನೆಗಳ ಸಾಲಿನಲ್ಲಿ ಮಾಸ್ತಮ್ಮನ ಚಹಾ ಕುಡಿಯದೆ ಯಾರೂ ಮುಂದೆ ಹೋಗುವಂತಿರಲಿಲ್ಲ. ಮೀನು ಮಾರುವವರನ್ನು, ಕರೆಂಟು ಬಿಲ್ಲಿನವನನ್ನು, ಒಮ್ಮೆ ದಾರಿ ತಪ್ಪಿ ಬಂದ ಮದುವೆಯ ದಿಬ್ಬಣವನ್ನೂ ಆ ಮುದುಕಿ ಅಂಗಳದಲ್ಲಿ ತಡೆದು ಕೂರಿಸಿದ್ದಳು. ಬೇಡವೆಂದರೆ, "ಎಂತಕ್ಕೆ? ನಮ್ಮನೆ ಚಾ ಕುಡೂಕಾಗುದಿಲ್ವಾ?" ಎಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುವಳು. ಕಡಲು ನುಗ್ಗಿ ಬಾವಿಗಳೆಲ್ಲ ಉಪ್ಪಾದ ಮೇಲೂ ಈ ಒತ್ತಾಯ ತಗ್ಗಲಿಲ್ಲ. ಸಿಹಿನೀರಿಗೆ ಎಲ್ಲರೂ ಹೆದ್ದಾರಿಯಾಚೆಯ ನಲ್ಲಿಗೆ ಹೋಗಬೇಕಿತ್ತು. ಮಂಡಿನೋವಿನ ಮಾಸ್ತಮ್ಮ ದಿನಕ್ಕೆ ಒಂದೇ ಕೊಡ ತರುತ್ತಿದ್ದಳು. ಒಂದು ಸಂಜೆ ನೆರೆಮನೆಯ ಸೋಮಿ ಮಾತಿನ ಭರದಲ್ಲಿ ಮಾಸ್ತಮ್ಮನ ಲೋಟವನ್ನೇ ಎತ್ತಿ ಕುಡಿದಳು. ಬಾಯಿತುಂಬ ಉಪ್ಪು. ಕೊಡದ ನೀರನ್ನೆಲ್ಲ ಬಂದವರ ಚಹಾಕ್ಕೆ ಸುರಿದು, ಮಾಸ್ತಮ್ಮ ತಾನು ಬಾವಿಯ ನೀರನ್ನೇ ಕಾಸಿ ಕುಡಿಯುತ್ತಿದ್ದಳು. ಸೋಮಿ ಅವಳಿಗೇನೂ ಹೇಳಲಿಲ್ಲ, ಸಾಲಿನವರಿಗೆ ಮಾತ್ರ ಹೇಳಿದಳು. ಮರುದಿನದಿಂದ ಎಲ್ಲರೂ, "ಈಗಷ್ಟೇ ಕುಡ್ದೆ ಅಜ್ಜಿ" ಎನ್ನುತ್ತ ಅಂಗಳ ದಾಟತೊಡಗಿದರು. ಅವಳ ಕೊಡದಲ್ಲಿ ನೀರು ಉಳಿಯಲಿ ಎಂಬುದೊಂದೇ ಅವರ ಆಸೆ. ನೀರು ಉಳಿಯಿತು. ಮಾಸ್ತಮ್ಮ ಮಾತ್ರ ಸಂಜೆಯ ಒಲೆ ಹೊತ್ತಿಸುವುದನ್ನೇ ಬಿಟ್ಟು ಬಾಗಿಲಲ್ಲಿ ಕೂತಳು. "ಸೋಮಿ, ನಾ ಎಂತ ತಪ್ಪು ಮಾಡ್ದೆ? ಒಬ್ರೂ ಕೂತ್ಕಣುದಿಲ್ಲಲೆ?" ಎಂದು ಒಂದು ದಿನ ಕೇಳಿದಳು. "ಎಂತದೂ ಇಲ್ಲ ಅಜ್ಜಿ, ಕೆಲಸ ಅದೆ" ಎಂದು ಸೋಮಿ ತಲೆತಗ್ಗಿಸಿ ನಡೆದಳು.