ಎಲ್ಲಾರೂ ಕುಂಟುವ ತೋಪು

ನನ್ನ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಗಿಡ್ಡ. ಸಣ್ಣಾಕಿದ್ದಾಗ ಬಂದ ಜ್ವರ ಹೋಗೋ ಮುಂದ ಅಷ್ಟು ತಗೊಂಡು ಹೋತು. ಕುಂತ್ರ ಗೊತ್ತಾಗಂಗಿಲ್ಲ, ನಿಂತ್ರ ಅರ್ಧ ಗೊತ್ತಾಗ್ತದ, ನಡದ್ರ ಇಡೀ ಮಾನ್ವಿಗೆ ಗೊತ್ತಾಗ್ತದ. ನನಗೇನೂ ಅದರಿಂದ ಅಡ್ಡಿ ಆಗಿರಲಿಲ್ಲ. ನೀರು ಹೊರತಿದ್ದೆ, ಗಿಡ ಹತ್ತತಿದ್ದೆ, ತಮ್ಮನ್ನ ಅಟ್ಟಿಸಿಕೊಂಡು ಹೋಗಿ ಹೊಡೀತಿದ್ದೆ. ತ್ರಾಸು ಇದ್ದದ್ದು ನಮ್ಮಪ್ಪಗ, ಅದೂ ನನಗ ಮದುವಿ ವಯಸ್ಸು ಬಂದ ಮ್ಯಾಲ.

ಆಗಿನ ಕಾಲಕ್ಕ ಹೆಣ್ಣು ನೋಡಾಕ ಬಂದವರು ಹುಡುಗಿನ್ನ ನಡಿಸಿ ನೋಡ್ತಿದ್ರು. ಸಂತಿಯೊಳಗ ಎತ್ತು ಕೊಳ್ಳೋ ಮುಂದ ನಡಿಸ್ತಾರಲ್ಲ, ಹಂಗ. ಅಡಿಗಿ ಮನಿಯಿಂದ ಪಡಸಾಲಿ ತನಾ ನೀರಿನ ತಂಬಿಗಿ ಹಿಡಕೊಂಡು ಬರಬೇಕು, ತಿರುಗಿ ಹೋಗಬೇಕು. ನಮ್ಮ ಪಡಸಾಲಿಗೆ ಅಜ್ಜ ಶಹಾಬಾದ್ ಕಲ್ಲು ಹಾಸಿಸಿದ್ದ, ಒಂದು ತಗ್ಗು ಇಲ್ಲ ದಿನ್ನಿ ಇಲ್ಲ. ಆ ನೆಲದ ಮ್ಯಾಲ ಎರಡು ಸಂಬಂಧ ಬಂದು ಎರಡೂ ಜಾರಿ ಹೋಗಿದ್ವು. ಅಪ್ಪ ಸತ್ತುಹೋದ ಅಜ್ಜನ್ನ ಬೈಯಾಕತ್ತಿದ್ದ, ಸುಮ್ನ ಸೆಗಣಿ ಸಾರಿಸಿಕೊಂಡು ಇದ್ದಿದ್ರ ಏನಾಗ್ತಿತ್ತು ಅಂತ.

ಮೂರನೇ ಸಂಬಂಧ ರಾಯಚೂರಿಂದ ಬಂತು. ಹುಡುಗ ಕಚೇರಿಯೊಳಗ ಗುಮಾಸ್ತ, ಉರ್ದು ಓದಿ ಬರದು ಮಾಡ್ತಿದ್ದ. ತಾಯಿ ಇಲ್ಲ, ಸೋದರತ್ತಿ ಸಾಕ್ಯಾಳ. ಆ ಅತ್ತಿ ಕಣ್ಣಿಗೆ ಏನೂ ತಪ್ಪಂಗಿಲ್ಲ ಅನ್ನೋ ಸುದ್ದಿ ಅಕಿಗಿಂತ ಮೊದಲೇ ಮಾನ್ವಿಗೆ ಬಂದಿತ್ತು. ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಉಣ್ಣಾಕ ಕುಂತಾವ ತುತ್ತು ಕೈಯಾಗ ಹಿಡಕೊಂಡೇ ನಕ್ಕ.

"ಪಡಸಾಲಿ ಬ್ಯಾಡ. ಜಾಗೀರದಾರ್ರ ತೋಪಿಗೆ ಕರಕೊಂಡು ಹೋಗೋಣ," ಅಂದ.

ದೇವದುರ್ಗದ ದಾರಿಯಾಗ ಜಾಗೀರದಾರ್ರ ಹಳೇ ವಾಡೆ ಇತ್ತು, ಅರಮನಿಯಂಥ ಮನಿ. ಸುತ್ತ ಹುಣಸಿ, ಬೇವು, ಸೀತಾಫಲದ ಕಾಡು, ನಡುನಡುವ ಗುಂಡಗಲ್ಲು. ಜಾಗೀರದಾರರು ಹೈದರಾಬಾದಿನಾಗ ಇರ್ತಿದ್ರು, ವಾಡೆಯೊಳಗ ಪಾರಿವಾಳ ಇರ್ತಿದ್ವು. ಕಾವಲಿಗಿದ್ದ ಮುದುಕ ಚಾಚಾ ನಮ್ಮಪ್ಪನ ದೋಸ್ತ. ಮಂದಿ ಹೆಂಡ್ರು ಮಕ್ಕಳು ಕಟಗೊಂಡು ಬುತ್ತಿ ತಗೊಂಡು ಬಂದ್ರ ಬಾಗಿಲು ತೆಗದು ತಾನೇ ತೋಪೆಲ್ಲಾ ತಿರುಗಿಸ್ತಿದ್ದ. ಅದಕ್ಕ ಹವಾಖೋರಿ ಅಂತಿದ್ದ, ಹವಾ ತಿನ್ನೋದು. ದಾರಿ ತುಂಬ ಕಲ್ಲು, ಬೇರು, ಜಾಲಿಮುಳ್ಳು. ಎರಡೂ ಕಾಲು ಸಮ ಇದ್ದವರೂ ಅಲ್ಲಿ ನೆಟ್ಟಗ ನಡಿಯಾಕ ಆಗ್ತಿರಲಿಲ್ಲ.

"ಅಲ್ಲಿ ಎಲ್ಲಾರೂ ಕುಂಟ್ತಾರ," ಅಂದ ಅಪ್ಪ. "ಇಕಿ ಯಾರಿಗೆ ಕಾಣ್ತಾಳ?"

ಅವ್ವ ಹಣಿ ಬಡಕೊಂಡ್ಲು. ಆಮ್ಯಾಲ ರೊಟ್ಟಿ ಬಡಿಯಾಕ ಕುಂತ್ಲು. ನನ್ನ ಯಾರೂ ಕೇಳಲಿಲ್ಲ. ಖರೇ ಹೇಳಬೇಕಂದ್ರ ಕೇಳಿದ್ರೂ ನಾನು ಬ್ಯಾಡ ಅಂತಿರಲಿಲ್ಲ. ರಾಯಚೂರಾಗ ಅವರ ಮನಿ ಮುಂದೇ ನಳ ಅದ ಅಂತ ಕೇಳಿದ್ದೆ. ಕೊಡ ಹೊತ್ತು ಹೊತ್ತು ಸಾಕಾಗಿತ್ತು, ನಳಕ್ಕ ಮನಸು ಕೊಟ್ಟುಬಿಟ್ಟಿದ್ದೆ.

ಹುಡುಗ, ಸೋದರತ್ತಿ ಇಬ್ಬರೂ ಇದ್ದಿಲು ಸುಟ್ಟು ಓಡೋ ಬಸ್ಸಿನಾಗ ಬಂದು ಇಳಿದ್ರು, ಮಾರಿ ಎಲ್ಲಾ ಮಸಿ. ಹುಡುಗನ ಕಿವಿ ಸ್ವಲ್ಪ ದೊಡ್ಡವು, ನಗಿ ಚೊಲೊ ಇತ್ತು. ಅಲ್ಲಿಂದ ಚಕ್ಕಡಿಯಾಗ ತೋಪಿಗೆ ಹೋದಿವಿ. ಅಪ್ಪ ನನ್ನ ಮೊದಲೇ ಚಕ್ಕಡಿಯಾಗ ಕುಂಡ್ರಿಸಿಬಿಟ್ಟಿದ್ದ. ಸೋದರತ್ತಿ ಹೊಸಾ ಪಟ್ಟಣದ ಚಪ್ಪಲಿ ಹಾಕ್ಕೊಂಡು ಬಂದಿದ್ಲು, ಹತ್ತು ಹೆಜ್ಜಿಗೆ ಒಮ್ಮೆ ಮುಗ್ಗರಿಸಿ ಬೈಕೋಂತ ನಡದ್ಲು. ಹುಡುಗನ ಧೋತರ ಜಾಲಿಗೆ ಸಿಕ್ಕು ಸಿಕ್ಕು ಮಣಕಾಲ ತನಾ ಹರೀತು. ಚಾಚಾ ಮಾತ್ರ ಆಡಿನಂಗ ಜಿಗದುಕೋಂತ ಮುಂದ ಹೋಗಿ, ಕಂಡ ಕಂಡ ಕಲ್ಲು ತೋರಿಸಿ, "ಇಲ್ಲೇ ದೊಡ್ಡ ಸಾಹೇಬರು ಹುಲಿ ಹೊಡದ್ರು," ಅಂತಿದ್ದ.

"ಎಷ್ಟು ಹುಲಿ ಇದ್ವು?" ಅಂತ ಹುಡುಗ ಕೇಳಿದ.

"ಹುಲಿ ಒಂದೇ ಸಾಬ್, ಕಲ್ಲು ಭಾಳ," ಅಂದ ಚಾಚಾ.

ಅಪ್ಪನ ಉಪಾಯ ಖರೇನ ನಡೀತು. ಎಲ್ಲಾರೂ ಕುಂಟಾಕತ್ತಿದ್ರು, ಅದರಾಗ ನಾನೇ ವಾಸಿ ಇದ್ದೆ. ಅಪ್ಪ ನನ್ನ ಮಗ್ಗಲಕ್ಕ ಹತ್ತಿಕೊಂಡು ನಡೀತಿದ್ದ. ನಾನು ಎಡಕ್ಕ ವಾಲಿದ್ರ ಅವನೂ ಎಡಕ್ಕ ವಾಲ್ತಿದ್ದ. ಅವನ ಕಾಲಿಗೆ ಏನೋ ಚುಚ್ಚೇದ ಅಂದ್ಕೊಂಡೆ.

ಅಪ್ಪ ಚಾಚಾಗ ಎಲ್ಲಾ ಹೇಳಿದ್ದ, ಕಾರಣ ಒಂದು ಹೇಳಿರಲಿಲ್ಲ. ಬೀಗರಾಗೋ ಮಂದಿ ದಣದಾರ ಅಂತ ಚಾಚಾ ಮರ್ಯಾದಿ ಮಾಡಾಕ ಹೋಗಿ, ಗಿಡದೊಳಗಿಂದ ಎಲ್ಲಾರನ್ನೂ ವಾಡೆ ಮುಂದಿನ ಅಂಗಳಕ್ಕ ತಂದುಬಿಟ್ಟ. ಅದು ನಮ್ಮ ಪಡಸಾಲಿಯ ಹತ್ತರಷ್ಟು ದೊಡ್ಡ ಕಲ್ಲುಹಾಸು. ಕಾಲು ಇಟ್ಟ ಕೂಡ್ಲೇ ಎಲ್ಲಾರೂ ನೆಟ್ಟಗ ಆದ್ರು. ಕುಂಟಾಕಿ ನಾನೊಬ್ಬಾಕೇ ಉಳದೆ. ನಾನೂ, ನಮ್ಮಪ್ಪನೂ.

ಸೋದರತ್ತಿ ನಿಂತು ಇಬ್ಬರನ್ನೂ ನೋಡಿದ್ಲು. "ನಿಮ್ಮ ಕಾಲಿಗೇನಾತ್ರಿ?"

"ಮುಳ್ಳು ನಟ್ಟಾವ್ರಿ. ನನಗೂ, ಮಗಳಿಗೂ," ಅಂದ ಅಪ್ಪ.

ಹುಡುಗ ಒಳ್ಳೇವ. "ಕುಂಡ್ರ್ರಿ, ತೆಗೀತೀನಿ," ಅಂದು ಅಪ್ಪನ್ನ ಕಟ್ಟಿ ಮ್ಯಾಲ ಕುಂಡ್ರಿಸಿ, ಅವನ ಕಾಲು ತನ್ನ ತೊಡಿ ಮ್ಯಾಲ ಇಟಗೊಂಡು ಹುಡುಕಾಕತ್ತಿದ. ಒಡದ ಹಿಮ್ಮಡಿ, ಬೆರಳ ಸಂದಿ, ಎಲ್ಲಾ ನೋಡಿದ. ಅಪ್ಪ ಬೆವತು ನೀರಾಗಿದ್ದ, ಆದ್ರ ಅಲ್ಲಿ ಒತ್ತಿದ್ರೂ ಹಾಯ್ ಅಂತಿದ್ದ, ಇಲ್ಲಿ ಒತ್ತಿದ್ರೂ ಹಾಯ್ ಅಂತಿದ್ದ. ನಾನು ಅವರ ಮುಂದ ಹೋಗಿ ನಿಂತೆ. ನಾಚಿಗಿ ಅನ್ರಿ, ಸಿಟ್ಟು ಅನ್ರಿ. ನಮ್ಮಪ್ಪ ಊರಾಗ ಯಾರ ಮುಂದೂ ಹಂಗ ಸಣ್ಣಾಂವ ಆಗಿ ಕುಂತಾವ ಅಲ್ಲ.

"ಬಿಡ್ರಿ, ಅದರಾಗ ಮುಳ್ಳಿಲ್ಲ," ಅಂದೆ. "ಕುಂಟಾಕಿ ನಾನು. ಸಣ್ಣಾಕಿದ್ದಾಗ ಜ್ವರ ಬಂದಿತ್ತು. ನೋಡ್ಕೋರಿ."

ಅಂಗಳದ ಈ ಕಡಿಯಿಂದ ಆ ಕಡಿ ತನಾ ನಡದೆ, ತಿರುಗಿ ಬಂದೆ. ಲಗೂನೂ ಬರಲಿಲ್ಲ. ಅವ್ವ ಬುತ್ತಿ ಗಂಟು ಅಪ್ಪಿಕೊಂಡು ಗೋಡಿ ಕಡಿ ಮಾರಿ ಮಾಡಿದ್ಲು. ಹುಡುಗ ಅಪ್ಪನ ಕಾಲು ಕೈಯಾಗ ಹಿಡಕೊಂಡೇ ಕುಂತಿದ್ದ, ಹಿಡೀಬೇಕೋ ಬಿಡಬೇಕೋ ತಿಳೀಲಿಲ್ಲ ಅವಗ.

"ಹುಡುಗಿ ಗುಣ ಭಾಳ ಚೊಲೊ ಅದ," ಅಂದ್ಲು ಸೋದರತ್ತಿ. ಗುಣದ ಮಾತು ಬಂತಂದ್ರ ಸಂಬಂಧ ಹೋತು ಅಂತ ತಿಳಕೋಬೇಕು. ರೊಟ್ಟಿ, ಶೇಂಗಾಚಟ್ನಿ, ಎಣಗಾಯಿ ಒಂದೂ ಬಿಡದಂಗ ಉಂಡು, ಹೇಳಿ ಕಳಸ್ತೀವಿ ಅಂದು, ಚಕ್ಕಡಿ ಹತ್ತಿ ಹೋದ್ರು. ಹುಡುಗ ಒಂದು ಸಲ ಹಿಂದ ತಿರುಗಿ ನೋಡಿದ. ನೋಡಿ ಏನು ಮಾಡೋದು?

ಚಕ್ಕಡಿ ಅವರಿಗೆ ಕೊಟ್ಟಿದ್ದಕ್ಕ ನಾವು ನಡಕೋಂತ ಹೊಂಟಿವಿ. ಅವ್ವ ಸಿಟ್ಟಿಲೇ ಭಾಳ ಮುಂದ ಹೋಗಿದ್ಲು. ಸಡಕು ಸಪಾಟಿತ್ತು, ಕಣ್ಣು ಹಾಯೋ ತನಾ ಯಾರೂ ಇರಲಿಲ್ಲ. ಅಪ್ಪ ಇನ್ನೂ ನನ್ನ ಮಗ್ಗಲಕ್ಕ ಕುಂಟಿಕೋಂತ ಬರಾಕತ್ತಿದ್ದ. ನನಗ ಪಿತ್ತ ನೆತ್ತಿಗೇರಿತು.

"ಯಪ್ಪಾ, ಇನ್ನಾದ್ರೂ ನೆಟ್ಟಗ ನಡಿ. ನೋಡಿದವರು ನಿನ್ನ ಕುಂಟ ಅಂತಾರ."

"ಅನ್ನಲಿ ಬಿಡವ್ವಾ," ಅಂದ. "ನಂದು ಮದುವಿ ಆಗ್ಯದ."

ಇನ್ನೂ ಬೈಬೇಕಂತ ತೆರದ ಬಾಯಿಲೇ ಅಳಾಕ ಹತ್ತಿದೆ.