ಮೂರನೇ ಹಾಡಿನ ಇಪ್ಪತ್ತು ಸೆಕೆಂಡು

ಬೆಳಿಗ್ಗೆ ಎಂಟು ಗಂಟೆ ಹದಿನೆಂಟು ನಿಮಿಷಕ್ಕೆ, ಉಪ್ಪಳದ ಬಸ್ ಸ್ಟ್ಯಾಂಡಿನಲ್ಲಿ, ನನ್ನ ಸಿಡಿಯನ್ನು ಡ್ರೈವರನ ಕೈಗೆ ಕೊಟ್ಟೆ. ಬಸ್ಸು ಹೊರಡಲು ಆಗಲೇ ನಾಲ್ಕು ನಿಮಿಷ ತಡವಾಗಿತ್ತು.

ಖಾಸಗಿ ಬಸ್ಸುಗಳಿಗೆ ಸಿಡಿ ಪ್ಲೇಯರ್ ಬಂದ ಹೊಸತು. ಕಾಲೇಜಿಗೆ ಹೋಗುವ ನಾವು ಮನೆಯಿಂದ ಸಿಡಿ ತರುತ್ತಿದ್ದೆವು. ಯಾರದ್ದು ಹಾಕುತ್ತಾರೋ ಅವನಿಗೆ ಡ್ರೈವರನ ಪಕ್ಕ ಇಂಜಿನ್ ಪೆಟ್ಟಿಗೆಯ ಮೇಲೆ ಕೂರುವ ಹಕ್ಕು. ನನ್ನದು ಮಾವ ದುಬೈಯಿಂದ ತಂದದ್ದು, ಸ್ಕಾ ಎಂಬ ಕುಣಿತದ ಸಂಗೀತ ನುಡಿಸುವ ಇಂಗ್ಲೆಂಡಿನ ಒಂದು ಬ್ಯಾಂಡಿನ ಹೆಸರುವಾಸಿ ಹಾಡುಗಳ ಸಂಗ್ರಹ. ತಾಳದ ಎಡೆಯಲ್ಲಿ ಗಿಟಾರು ಕುಟುಕುತ್ತದೆ, ಅದರ ಮೇಲೆ ತುತ್ತೂರಿ. ಕೇಳಿದವರ ಕಾಲು ಸುಮ್ಮನಿರುವುದಿಲ್ಲ. ಡ್ರೈವರನ ಕಾಲು ಇದ್ದದ್ದು ಆಕ್ಸಿಲರೇಟರಿನ ಮೇಲೆ.

“ಎಂತ ಪದ್ಯ ಮಾರಾಯ! ಬಸ್ಸೇ ಕುಣಿಯುತ್ತದೆ ನೋಡು,” ಎಂದ. ನಾನು ಹೆಮ್ಮೆಯಿಂದ ವಾಲ್ಯೂಮ್ ಏರಿಸಿದೆ.

ಮೂರನೇ ಹಾಡು ಶುರುವಾಗಿ ತುತ್ತೂರಿ ಒಮ್ಮೆ ಕೂಗಿತ್ತು. ಕುಂಬಳೆಗೆ ಮುಂಚಿನ ಸ್ಟಾಪಿನಲ್ಲಿ, ಡಾಮರಿನಿಂದ ಆಚೆ ಮಣ್ಣಿನ ಮೇಲೆ, ದಿನಾ ಅಲ್ಲಿ ಹತ್ತುವ ಅಕ್ಕ ನಿಂತಿದ್ದರು. ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಹೋಗುವವರು. ಮುಂದಿದ್ದ ಇನ್ನೊಂದು ಬಸ್ಸನ್ನು ಹಿಂದೆ ಹಾಕಲು ಡ್ರೈವರ್ ಎಡಕ್ಕೆ, ಮಣ್ಣಿಗೇ ಇಳಿಸಿದ. ಅವರು ಕಣ್ಣೆತ್ತಿದ್ದು ನನಗೆ ಕಂಡಿತು. ಬೀಡಿ ಕಟ್ಟುಗಳು ಗಾಜಿಗೆ ಬಡಿದವು.

ಸೊಂಟ ಮುರಿಯಿತು. ತಲೆಗೂ ಪೆಟ್ಟಾಗಿ ಆ ಬೆಳಗಿನ ನೆನಪೇ ಅವರಿಗೆ ಉಳಿಯಲಿಲ್ಲ. ತಾನು ಎತ್ತಿನಗಾಡಿಯ ಹಾಗೆ ನಿಧಾನ ಬರುತ್ತಿದ್ದೆ, ಅವಳೇ ಅಡ್ಡ ಓಡಿದಳು ಎಂದು ಡ್ರೈವರ್ ಪೊಲೀಸರಿಗೆ ಹೇಳಿದ. ಕಂಡಕ್ಟರ್ ಹೌದೆಂದ. ಉಳಿದವರು ಬೇರೆ ಬಸ್ಸು ಹತ್ತಿ ಕೆಲಸಕ್ಕೆ ಹೋದರು.

ಆಮೇಲೆ ಪ್ರತಿ ರಾತ್ರಿ ಆ ತುತ್ತೂರಿಗೇ ನನಗೆ ಎಚ್ಚರ. ಅವರು ಕಣ್ಣೆತ್ತುತ್ತಾರೆ, ನಾನು ಕೂಗಬೇಕು, ಸ್ವರ ಬರುವುದಿಲ್ಲ. ಮತ್ತೆ ಮೊದಲಿಂದ.

ನೋಡಲು ಹೋದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಹೇಳಿದರು: “ನಾನೇ ಅಡ್ಡ ಓಡಿರಬೇಕು ಮಗಾ. ಎಲ್ಲರೂ ಹಾಗೇ ಹೇಳುವುದು. ತಮ್ಮ ಸಹ ಬೈದ.”

ಅಲ್ಲಿಯವರೆಗೆ ನನಗೆ ಇದ್ದದ್ದು ಹೆದರಿಕೆ. ಆ ಮಾತು ಕೇಳಿದ ಮೇಲೆ ಹಗೆ ಹುಟ್ಟಿತು. ತಿಂಗಳು ತುಂಬುವ ಮೊದಲೇ ಆ ಡ್ರೈವರ್ ಅದೇ ಬಸ್ಸಿನಲ್ಲಿ ಬಂದ, ನನ್ನದೇ ಸಿಡಿ ಹಾಕಿಕೊಂಡು.

“ಬಾ ಮಾರಾಯ, ನಿನ್ನ ಪೀಪಿ ಉಂಟು. ಪೆಟ್ಟಿಗೆ ಖಾಲಿ ಉಂಟು!”

ನಾನು ಹತ್ತಲಿಲ್ಲ. ಸಿಡಿಯ ಕವರು ಮನೆಯಲ್ಲಿತ್ತು. ಹಿಂಬದಿಯಲ್ಲಿ ಒಂದೊಂದು ಹಾಡಿನ ಅವಧಿ ಅಚ್ಚಾಗಿತ್ತು. ಮೊದಲನೆಯದು ಮೂರು ನಿಮಿಷ ಐದು ಸೆಕೆಂಡು, ಎರಡನೆಯದು ಎರಡು ಐವತ್ತು, ಮೂರನೆಯದರಲ್ಲಿ ತುತ್ತೂರಿಯವರೆಗೆ, ರಾತ್ರಿ ರಾತ್ರಿ ಕೇಳಿದ ನನ್ನ ಲೆಕ್ಕದಲ್ಲಿ, ಇಪ್ಪತ್ತು. ಗೆಳೆಯನ ಬೈಕಿನ ಮೀಟರಿನಲ್ಲಿ ದಾರಿ ಅಳೆದೆ: ಎಂಟು ಕಿಲೋಮೀಟರ್. ಬಸ್ಸಿಗೆ ಕೊಟ್ಟ ಸಮಯ ಹದಿನಾರು ನಿಮಿಷ; ಅವನು ಬಂದದ್ದು ಆರೂಕಾಲು ನಿಮಿಷದಲ್ಲಿ, ನಡುವೆ ಎರಡು ಕಡೆ ನಿಲ್ಲಿಸಿ. ಬಿಎಸ್ಸಿ ಓದುವವನಿಗೆ ಕಷ್ಟದ ಲೆಕ್ಕವಲ್ಲ. ಆದರೂ ದಿನಾ ಮಾಡಿದೆ, ಕತ್ತಿ ಮಸೆದ ಹಾಗೆ.

ಬಸ್ಸು ಅತಿವೇಗದಲ್ಲಿತ್ತೆಂದು ಸಾರಿಗೆ ಕಚೇರಿಗೆ ದೂರು ಬರೆದೆ. ಡ್ರೈವರನ ಲೈಸೆನ್ಸಿನ ವಿಚಾರಣೆಯಲ್ಲಿ ಅಧಿಕಾರಿ ನನ್ನನ್ನು ಕೇಳಿದರು, “ನಿಮ್ಮ ಹತ್ತಿರ ವಾಚ್ ಇತ್ತಾ?”

“ಇಲ್ಲ ಸರ್. ಹಾಡು ಇತ್ತು.”

ಡ್ರೈವರ್ ಎದ್ದು ನಿಂತ. “ಅದೇ ಸರ್, ಇವನ ಹಾಡಿನದ್ದೇ ತೊಂದರೆ! ಉಪ್ಪಳದಲ್ಲಿ ಬಸ್ಸು ಹೊರಡುವಾಗಲೇ ಮೊದಲಿಂದ ಹಾಕಿಸಿದ. ಎರಡು ಮುಗಿದು ಮೂರನೆಯದು ಬೊಬ್ಬೆ ಹಾಕುವಾಗ ನನಗೆ ತಲೆಯೇ ಕೆಟ್ಟಿತು.”

ಇಷ್ಟು ಅವನ ಬಾಯಿಂದಲೇ ಬರಲೆಂದು ಕಾದಿದ್ದೆ. ಕವರನ್ನೂ ಎಂಟು ಕಿಲೋಮೀಟರಿನ ಲೆಕ್ಕವನ್ನೂ ಮೇಜಿನ ಮೇಲಿಟ್ಟೆ. ಅಧಿಕಾರಿ ಕೆಳಗಿಳಿದು, ವಿಚಾರಣೆಗೆಂದು ತರಿಸಿ ಅಂಗಳದಲ್ಲಿ ನಿಲ್ಲಿಸಿದ್ದ ಬಸ್ಸಿಗೆ ಹತ್ತಿ, ಅದೇ ಸಿಡಿ ಹಾಕಿಸಿದರು. ಕೈಯಲ್ಲಿ ವಾಚು ಹಿಡಿದು, ಗಂಭೀರವಾಗಿ ಎರಡು ಹಾಡು ಪೂರ್ತಿ ಕೇಳಿದರು. ತುತ್ತೂರಿ ಕೂಗಿದಾಗ ನಾನು ಡ್ರೈವರನ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಸುಖ ನನಗೆ ಯಾವ ಸಂಗೀತದಿಂದಲೂ ಸಿಕ್ಕಿಲ್ಲ.

ಗೇಟಿನಲ್ಲಿ ಅವನು ನನ್ನ ಕೈ ಹಿಡಿದ. “ನನಗೆ ಬೇರೆ ಕೆಲಸ ಗೊತ್ತಿಲ್ಲ ಮಾರಾಯ.”

“ನಡೆಯಲು ಗೊತ್ತುಂಟಲ್ಲ,” ಎಂದೆ. “ಅಕ್ಕನಿಗೆ ಈಗ ಅದೂ ಆಗುವುದಿಲ್ಲ.”

ಹಾಗೆ ಹೇಳಬಾರದಿತ್ತು ಎಂದು ಅಮ್ಮ ಇಂದಿಗೂ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ.

ಲೈಸೆನ್ಸ್ ರದ್ದಾದ ಆದೇಶ ನಮ್ಮ ಗಡಿನಾಡಿನ ಕಚೇರಿಗಳ ಭಾಷೆಯಾದ ಮಲಯಾಳದಲ್ಲಿತ್ತು. ಒಂದು ಶುಕ್ರವಾರ ಅಕ್ಕನ ಮಂಚದ ಪಕ್ಕ ಕೂತು ಕನ್ನಡದಲ್ಲಿ ಹೇಳಿದೆ: ಡ್ರೈವರ್ ನಿಧಾನ ಬಂದೆನೆಂದದ್ದು ಸುಳ್ಳು, ಮಹಿಳೆ ರಸ್ತೆಯ ಹೊರಗೆ ನಿಂತಿದ್ದರು, ಅವರ ತಪ್ಪಿಲ್ಲ.

“ತಮ್ಮನನ್ನು ಕರೆ,” ಎಂದರು. “ಅವನ ಎದುರಿಗೆ ಇನ್ನೊಂದು ಸಲ ಓದು. ದೊಡ್ಡಕೆ ಓದು.”

ಓದಿದೆ. ಆ ರಾತ್ರಿ ತುತ್ತೂರಿ ನನ್ನನ್ನು ಎಬ್ಬಿಸಲಿಲ್ಲ; ಮರುದಿನ ಒಂಬತ್ತಕ್ಕೆ ಅಮ್ಮ ಹಣೆ ಮುಟ್ಟಿ ಎಬ್ಬಿಸಿದರು: “ಎಂತ, ಜ್ವರವಾ?”